ಕರೆದ ದೇವರು ಇಷ್ಟು ವರ್ಷ ಕಾಯಿಸುತ್ತಾರಾ?

ಪ್ರಶ್ನೆ: ಅಯ್ಯನವರಿಗೆ ವಂದನೆಗಳು. ನನಗೆ 35 ವರ್ಷ. ಚಳ್ಳಕೆರೆ ಹತ್ತಿರದ ಹಳ್ಳಿಯವನು. ಎಣ್ಣೆ ಮಿಲ್ಲಿನಲ್ಲಿ ಶೇಂಗಾ ತೂಕ ಬರೆಯುವ ಕೆಲಸ. 23ನೇ ವಯಸ್ಸಿನಲ್ಲಿ ಒಂದು ಉಪವಾಸ ಪ್ರಾರ್ಥನೆಯ ಕೂಟದಲ್ಲಿ ದೇವರು ನನ್ನನ್ನು ಸೇವೆಗೆ ಕರೆದರು. ಶಾಲೆ ಬಿಟ್ಟ ಮಕ್ಕಳ ಮುಖ ಕಣ್ಣ ಮುಂದೆ ಬಂತು. ಅವತ್ತಿನಿಂದ ಸಂಜೆ ಪಾಠ ಮಾಡುತ್ತಾ ಬಂದಿದ್ದೇನೆ. ಬೈಬಲ್ ಕಾಲೇಜಿಗೆ ಸೇರಬೇಕಾದ ವರ್ಷವೇ ಅಪ್ಪನಿಗೆ ಲಕ್ವ ಹೊಡೆಯಿತು. ಹೋಗಲಾಗಲಿಲ್ಲ. ನಮ್ಮ ಸಭೆಯ (ಚರ್ಚಿನ) ಹಿರಿಯರು ಪ್ರತಿ ವರ್ಷ "ನೋಡೋಣ" ಅನ್ನುತ್ತಾರೆ. ಎರಡು ವರ್ಷದ ಕೆಳಗೆ ಹೆಂಡತಿಯ ಬಳೆ ಅಡವಿಟ್ಟು ಮಕ್ಕಳಿಗೆ ಶೆಡ್ ಹಾಕಿಸಿದೆ. ಗಾಳಿಮಳೆಗೆ ಶೀಟು ಹಾರಿಹೋಯಿತು. 30 ಮಕ್ಕಳು ಬರುತ್ತಿದ್ದ ಕಡೆ ಈಗ ಆರು ಮಕ್ಕಳು. ಅವರಲ್ಲಿ ಒಬ್ಬಳು ಈ ಸಲ ಖಾಸಗಿಯಾಗಿ ಎಸ್ಸೆಸ್ಸೆಲ್ಸಿ ಕಟ್ಟಿದ್ದಾಳೆ. ನನ್ನ ಜೊತೆ ಅದೇ ಕೂಟದಲ್ಲಿ ಮೊಣಕಾಲೂರಿದ ಗೆಳೆಯ ಬೆಂಗಳೂರಿನಲ್ಲಿ ದೊಡ್ಡ ಸಭೆ ನಡೆಸುತ್ತಿದ್ದಾನೆ. ಮನೆಯಲ್ಲಿ ಹೆಂಡತಿ ಮಾತು ಕಡಿಮೆ ಮಾಡಿದ್ದಾಳೆ. ನನಗೆ ನಿದ್ದೆ ಬರುತ್ತಿಲ್ಲ. ಈಗ ಮಾಲೀಕರು ತುಮಕೂರಿನ ಗೋದಾಮಿಗೆ ಹೋಗು, ಸಂಬಳ ಜಾಸ್ತಿ ಕೊಡುತ್ತೇನೆ ಅನ್ನುತ್ತಿದ್ದಾರೆ. ನನ್ನ ಕರೆ ನಿಜವಾಗಿತ್ತಾ? ಹೋದರೆ ದೇವರಿಗೆ ಬೆನ್ನು ತಿರುಗಿಸಿದ ಹಾಗಾ? ಇನ್ನೆಷ್ಟು ವರ್ಷ ಕಾಯಬೇಕು?

ಉತ್ತರ:

ಪ್ರೀತಿಯ ತಮ್ಮನಿಗೆ,

ನಿಮ್ಮ ಕಾಗದ ನಾಲ್ಕು ಪುಟ ಇತ್ತು. ಮೇಲೆ ಅದರ ಸಾರ ಮಾತ್ರ ಹಾಕಿದ್ದೇನೆ. ಪೂರ್ತಿ ಕಾಗದವನ್ನು ಮೂರು ಸಲ ಓದಿದೆ. ಮೊದಲ ಸಲ ಕಣ್ಣು ಒದ್ದೆಯಾಯಿತು. ಮೂರನೇ ಸಲ ಓದುವಾಗ ಒಂದು ವಿಷಯ ಕಣ್ಣಿಗೆ ಬಿತ್ತು. ಅದನ್ನು ಕೊನೆಯಲ್ಲಿ ಹೇಳುತ್ತೇನೆ.

ಇಂಥ ಪ್ರಶ್ನೆ ಕೇಳಲು ನಾಚಿಕೆಯಾಗುತ್ತದೆ ಅಂತ ಬರೆದಿದ್ದೀರಿ. ನಾಚಿಕೆ ಬೇಡ. ಹೊಲಕ್ಕೇ ಇಳಿಯದವನು ಮಳೆ ಯಾವಾಗ ಅಂತ ಕೇಳುವುದಿಲ್ಲ. ಬಿತ್ತಿದವನೇ ಮುಗಿಲು ನೋಡುವುದು. ನೀವು 12 ವರ್ಷ ಬಿತ್ತಿದ್ದೀರಿ.

ಇನ್ನೆಷ್ಟು ವರ್ಷ ಅನ್ನುವುದಕ್ಕೆ ನನ್ನಲ್ಲಿ ಉತ್ತರ ಇಲ್ಲ. ಯಾರಾದರೂ ತಿಂಗಳು, ತಾರೀಖು ಹಾಕಿ ನಿಮಗೆ ಪ್ರವಾದನೆ ಹೇಳಿದರೆ ದಯವಿಟ್ಟು ನಂಬಬೇಡಿ, ಅವರ ಕೈಗೆ ಕಾಣಿಕೆಯನ್ನೂ ಕೊಡಬೇಡಿ. ಉಳಿದ ಎರಡು ಪ್ರಶ್ನೆಗೆ ನನಗೆ ತಿಳಿದಷ್ಟು ಹೇಳುತ್ತೇನೆ. ಓದಿ ತಿಳಿದದ್ದಕ್ಕಿಂತ ಪೆಟ್ಟು ತಿಂದು ತಿಳಿದದ್ದೇ ಇದರಲ್ಲಿ ಜಾಸ್ತಿ.

ನಾನು ದಾವಣಗೆರೆಯಲ್ಲೇ ಹುಟ್ಟಿ ಬೆಳೆದವನು. ಅಪ್ಪ ಬಟ್ಟೆ ಮಿಲ್ಲಿನಲ್ಲಿ ಕೆಲಸಕ್ಕಿದ್ದರು. ಆಗ ನಮ್ಮೂರನ್ನು ಕರ್ನಾಟಕದ ಮ್ಯಾಂಚೆಸ್ಟರ್ ಅನ್ನುತ್ತಿದ್ದರು. ಆಮೇಲೆ ಮಿಲ್ಲುಗಳು ಒಂದೊಂದಾಗಿ ಬಾಗಿಲು ಹಾಕಿದವು. ಅಪ್ಪನ ಕೆಲಸವೂ ಹೋಯಿತು. ಆ ಹೊತ್ತಿಗೇ ನನಗೆ ಸೇವೆಯ ಕರೆ ಬಂದಿತ್ತು. 21 ವರ್ಷ. ಮನೆಯಲ್ಲಿ ಇಬ್ಬರು ತಂಗಿಯರು. ಬೈಬಲ್ ಕಾಲೇಜಿನ ಅರ್ಜಿಯನ್ನು ಟ್ರಂಕಿನ ತಳಕ್ಕೆ ಹಾಕಿ, ಎಪಿಎಂಸಿ ಯಾರ್ಡಿನ ಒಂದು ದಲಾಲಿ ಅಂಗಡಿಗೆ ಗುಮಾಸ್ತನಾಗಿ ಸೇರಿದೆ. ಒಂಬತ್ತು ವರ್ಷ ಅಲ್ಲಿದ್ದೆ. ಮೆಕ್ಕೆಜೋಳದ ಚೀಲ ಎಣಿಸುವುದು, ತೂಕದ ಚೀಟಿ ಬರೆಯುವುದು, ಸಂಜೆ ಹಮಾಲರಿಗೆ ಕೂಲಿ ಬಟವಾಡೆ ಮಾಡುವುದು. ನೀವು ಈಗ ಮಾಡುವ ಕೆಲಸವೇ.

ಆ ಒಂಬತ್ತು ವರ್ಷವನ್ನು ನಾನು ಬಸ್ ಸ್ಟ್ಯಾಂಡಿನ ಬೆಂಚು ಅಂದುಕೊಂಡಿದ್ದೆ. ಬಸ್ಸು ಬರುವ ತನಕ ಇಲ್ಲಿ ಸುಮ್ನೆ ಕೂತಿರಬೇಕು. ಬಂದ ಮೇಲೆ ನನ್ನ ಬದುಕು ಶುರು. ಹಾಗಾಗಿ ಅಲ್ಲಿದ್ದ ಯಾರ ಮುಖವನ್ನೂ ನಾನು ಸರಿಯಾಗಿ ನೋಡಲಿಲ್ಲ.

ಅಲ್ಲಿ ಜಗಳೂರು ಕಡೆಯ ಹಮಾಲರೊಬ್ಬರಿದ್ದರು. ನನಗಿಂತ 20 ವರ್ಷ ದೊಡ್ಡವರು. ಒಂದು ದಿನ ಬುತ್ತಿ ಬಿಚ್ಚುವ ಹೊತ್ತಿಗೆ ಹತ್ತಿರ ಬಂದು ಕೂತರು. "ಗುಮಾಸ್ತ್ರೇ, ನಂಗೆ ಅಂಕಿ ಓದೋದು ಕಲಿಸ್ರಿ. ಚೀಟಿನಾಗೆ ಏನ್ ಬರ್ದೈತಿ ಅಂತ ನಂಗೂ ಗೊತ್ತಾಗ್ಲಿ" ಅಂದರು. ನಾನು "ಆಯ್ತು, ನೋಡೋಣ" ಅಂದೆ. ಹದಿನೈದು ದಿನ ಬಿಟ್ಟು ಮತ್ತೆ ಕೇಳಿದರು. ಮತ್ತೆ "ನೋಡೋಣ" ಅಂದೆ. ಮೂರನೇ ಸಲ ಅವರು ಕೇಳಲಿಲ್ಲ. ಮುಂದಿನ ಸುಗ್ಗಿಗೆ ಯಾರ್ಡಿಗೂ ಬರಲಿಲ್ಲ. ಬೆನ್ನು ಹಿಡಿದುಕೊಂಡು ಊರಿಗೆ ಹೋದರು ಅಂತ ಯಾರೋ ಹೇಳಿದರು. ನಾನು ಮತ್ತೆ ಅವರನ್ನು ನೋಡಲೇ ಇಲ್ಲ.

ಅದೇ ದಿನಗಳಲ್ಲಿ ನಾನು ರಾತ್ರಿ ಮೊಣಕಾಲೂರಿ ಅಳುತ್ತಿದ್ದೆ. ದೇವರೇ, ಸೇವೆಗೆ ಬಾಗಿಲು ತೆರೆಯಿರಿ ಅಂತ ಬೇಡುತ್ತಿದ್ದೆ. ಬಾಗಿಲು ಹಾಡಹಗಲು, ಬುತ್ತಿ ಹಿಡಿದುಕೊಂಡು, ನನ್ನ ಪಕ್ಕದಲ್ಲೇ ಬಂದು ಕೂತಿತ್ತು. ಅಂಕಿ ಕಲಿಸಲು ಒಂದು ತಿಂಗಳು ಸಾಕಾಗಿತ್ತು. 30 ವರ್ಷದ ಮೇಲಾಯಿತು ತಮ್ಮಾ. ಆಮೇಲೆ ಕಾಲೇಜಿಗೆ ಹೋದೆ, ಸಭಾಪಾಲಕನಾದೆ, ಎಷ್ಟೋ ಪ್ರಸಂಗ ಮಾಡಿದೆ. ಆ ಒಂದು ತಿಂಗಳನ್ನು ನನಗೆ ಯಾರೂ ವಾಪಸ್ ಕೊಡಲಾರರು.

ಅದಕ್ಕೇ ನಿಮಗೆ ಮೊದಲು ಹೇಳಬೇಕೆನಿಸಿದ್ದು ಇದು. ಕರೆ ಬೇರೆ, ಹುದ್ದೆ ಬೇರೆ. ಅವೆರಡನ್ನೂ ನಾವು ಒಂದೇ ಗಂಟಿಗೆ ಕಟ್ಟಿಬಿಡುತ್ತೇವೆ. ನಿಮ್ಮ ಕಾಗದದಲ್ಲಿ "ಕಾಯುತ್ತಿದ್ದೇನೆ" ಅನ್ನುವ ಮಾತು ಮತ್ತೆ ಮತ್ತೆ ಬರುತ್ತದೆ. ಯಾವುದಕ್ಕೆ ಕಾಯುತ್ತಿದ್ದೀರಿ? ಕಾಲೇಜಿನ ಸರ್ಟಿಫಿಕೇಟಿಗೆ. ಹಿರಿಯರು ಎಲ್ಲರ ಮುಂದೆ ನಿಮ್ಮ ತಲೆಯ ಮೇಲೆ ಕೈಯಿಟ್ಟು ಪ್ರಾರ್ಥಿಸುವ ದಿನಕ್ಕೆ. ಒಂದು ಕಟ್ಟಡಕ್ಕೆ, ಅದರ ಮೇಲೊಂದು ಬೋರ್ಡಿಗೆ. ಇವೆಲ್ಲ ಹುದ್ದೆಯ ಲೆಕ್ಕಕ್ಕೆ ಸೇರಿದವು. 23ನೇ ವಯಸ್ಸಿನಲ್ಲಿ ನಿಮ್ಮ ಕಣ್ಣ ಮುಂದೆ ಬಂದದ್ದು ಮಕ್ಕಳ ಮುಖ ಅಂತ ನೀವೇ ಬರೆದಿದ್ದೀರಿ. ಆ ಮಕ್ಕಳಿಗೆ ಅವತ್ತಿನಿಂದ ಕಲಿಸುತ್ತಿದ್ದೀರಿ. ಅಂದ ಮೇಲೆ ಕರೆಯ ಒಳಗೇ ಇದ್ದೀರಿ ಅಲ್ವಾ? ಬಾರದೇ ಇರುವುದು ಹುದ್ದೆ.

ಹುದ್ದೆಗೆ ಆಸೆಪಡುವುದು ತಪ್ಪಲ್ಲ. ಅದು ಸಿಗದ ನೋವು ಸಣ್ಣದೂ ಅಲ್ಲ. ಆದರೆ ಹುದ್ದೆ ಬರಲಿಲ್ಲ ಅಂತ ಕರೆಯೇ ಸುಳ್ಳು ಅನ್ನುವುದು, ಮದುವೆ ಪತ್ರಿಕೆ ಅಚ್ಚಾಗಲಿಲ್ಲ ಅಂತ ಸಂಬಂಧವೇ ಇಲ್ಲ ಅಂದ ಹಾಗೆ.

ದಾವೀದನ ಕಥೆಯಲ್ಲಿ ನಾವು ಗಮನಿಸದೆ ದಾಟಿಬಿಡುವ ಒಂದು ಮಾತಿದೆ. ಪ್ರವಾದಿ ಸಮುವೇಲ ಬೇತ್ಲೆಹೇಮಿಗೆ ಬಂದು ಅಣ್ಣಂದಿರ ಎದುರಿಗೇ ಅವನ ತಲೆಗೆ ಎಣ್ಣೆ ಹೊಯ್ದು, ಮುಂದೆ ಅರಸನಾಗಲು ಅಭಿಷೇಕ ಮಾಡಿದ. ಆಮೇಲೆ ಅರಮನೆಯಿಂದ ಕರೆ ಬಂದಾಗ ಹುಡುಗ ಎಲ್ಲಿದ್ದ? ಕುರಿಗಳ ಹತ್ತಿರ. ಅಭಿಷೇಕ ಆದವನು ಮತ್ತೆ ಕುರಿ ಕಾಯಲು ಹೋಗಿದ್ದ. ಕುರಿ ಕಾಯುವುದು ಅಂದರೆ ಎಂಥ ಬಿಸಿಲು, ಎಂಥ ಅಲೆದಾಟ ಅಂತ ಚಳ್ಳಕೆರೆಯವರಿಗೆ ನಾನು ಹೇಳಬೇಕಾಗಿಲ್ಲ. ಅವನಿಗೆ ಪಟ್ಟ ಸಿಕ್ಕಿದ್ದು 30ನೇ ವಯಸ್ಸಿಗೆ. ಅದೂ ಪೂರ್ತಿ ಅಲ್ಲ. ಮೊದಲ ಏಳೂವರೆ ವರ್ಷ ಹೆಬ್ರೋನಿನಲ್ಲಿ ಯೆಹೂದ ಕುಲಕ್ಕೆ ಮಾತ್ರ ಅರಸ. ಅದಕ್ಕೂ ಮುಂಚೆ ಅದುಲ್ಲಾಮ್ ಗವಿ. ಅಲ್ಲಿಗೆ ಅವನನ್ನು ಹುಡುಕಿಕೊಂಡು ಸುಮಾರು 400 ಜನ ಬಂದರು. ಕಷ್ಟದಲ್ಲಿದ್ದವರು, ಸಾಲ ಮಾಡಿಕೊಂಡವರು, ಮನಸ್ಸು ಕಹಿಯಾದವರು. ಬರಗಾಲದ ವರ್ಷ ರಾತ್ರೋರಾತ್ರಿ ಮನೆಗೆ ಬೀಗ ಹಾಕಿ ಬೆಂಗಳೂರಿನ ಬಸ್ಸು ಹತ್ತುತ್ತಾರಲ್ಲ, ಅಂಥವರು. ಅವರನ್ನು ಗವಿಯಲ್ಲಿ ನೋಡಿಕೊಂಡದ್ದೇ ಅವನ ಅರಸುತನದ ಮೊದಲ ಕೆಲಸ ಅಂತ ನನಗೆ ಅನಿಸುತ್ತದೆ. ಆಗ ಕಿರೀಟ ಇರಲಿಲ್ಲ, ಅಷ್ಟೇ.

ಯೋಸೇಫನ ಲೆಕ್ಕ ನಿಮಗೆ ಗೊತ್ತು. 17ನೇ ವಯಸ್ಸಿಗೆ ಕನಸು, 30ಕ್ಕೆ ಈಜಿಪ್ಟಿನ ಅರಸ ಫರೋಹನ ಮುಂದೆ. 13 ವರ್ಷ. ಆದರೆ ಕನಸಿನಲ್ಲಿ ಅವನು ಕಂಡದ್ದು ಅಧಿಕಾರದ ಉಂಗುರ ಅಲ್ಲವಲ್ಲ. ಅಣ್ಣಂದಿರು ಬಂದು ಅಡ್ಡಬೀಳುವುದನ್ನು ಕಂಡಿದ್ದ. ಅದು ನಡೆದದ್ದು ಸುಭಿಕ್ಷದ ಏಳು ವರ್ಷ ಕಳೆದು ಬರಗಾಲ ಬಂದ ಮೇಲೆ. ಕನಸು ಬಿದ್ದು 20 ವರ್ಷ ದಾಟಿತ್ತು. ಈ ನಡುವೆ ಸೆರೆಮನೆಯಲ್ಲಿ ಒಂದು ಬೆಳಗ್ಗೆ ಅವನು ಇಬ್ಬರು ಕೈದಿಗಳ ಮುಖ ನೋಡಿ, ಯಾಕೆ ಇವತ್ತು ಸಪ್ಪಗಿದ್ದೀರಿ ಅಂತ ಕೇಳುತ್ತಾನೆ. ಅವರ ಕನಸು ಕೇಳಿ ಅರ್ಥ ಹೇಳುತ್ತಾನೆ. ತನ್ನ ಕನಸೇ ಬಾಡಿ ಬಿದ್ದಿರುವಾಗ ಬೇರೆಯವರ ಕನಸು ಕೇಳಲು ಎಂಥ ಮನಸ್ಸು ಬೇಕು! ನಾನು ಆ ಮನಸ್ಸಿಲ್ಲದೆ ಒಬ್ಬ ಹಮಾಲರನ್ನು ಕಳೆದುಕೊಂಡೆ. ನಿಮಗೆ ಆ ಮನಸ್ಸು ಇದೆ. ನಿದ್ದೆ ಬಾರದ ಈ ದಿನಗಳಲ್ಲೂ ಸಂಜೆ ಆರಕ್ಕೆ ಪಾಠ ತಪ್ಪಿಸಿಲ್ಲ ಅಂತ ಬರೆದಿದ್ದೀರಿ.

ಇನ್ನೊಂದು. ಆ ಇಬ್ಬರು ಕೈದಿಗಳಲ್ಲಿ ಒಬ್ಬ ಫರೋಹನ ಪಾನದಾಯಕ. ಯೋಸೇಫ ಅವನಿಗೆ, ಹೊರಗೆ ಹೋದ ಮೇಲೆ ಫರೋಹನಿಗೆ ನನ್ನ ಸುದ್ದಿ ಹೇಳು ಅಂತಲೂ ಬೇಡಿಕೊಂಡ. ಹೊರಬರುವ ದಾರಿ ಹುಡುಕಿದ. ಅದು ಅವಿಶ್ವಾಸ ಅಲ್ಲ. ಪಾನದಾಯಕ ಎರಡು ವರ್ಷ ಮರೆತೇಬಿಟ್ಟ, ಅದು ಬೇರೆ ಮಾತು.

ನಿಮ್ಮ ಪಕ್ಕದ ಹಿರಿಯೂರಿನ ಮಾರಿಕಣಿವೆಗೆ ಹೋಗಿದ್ದೀರಿ ತಾನೇ? ವೇದಾವತಿಗೆ ಅಡ್ಡಲಾಗಿ ವಾಣಿವಿಲಾಸ ಸಾಗರ ಕಟ್ಟಿ ಮುಗಿಸಿದ್ದು 1907ರಲ್ಲಿ. 130 ಅಡಿ ತುಂಬಿದರೆ ಕೋಡಿ ಬೀಳುತ್ತದೆ. 1933ರಲ್ಲಿ ಒಮ್ಮೆ ಬಿತ್ತು. ಆಮೇಲೆ ಬಿದ್ದದ್ದು 2022ರಲ್ಲಿ. ನಡುವೆ 89 ವರ್ಷ. ಕೋಡಿ ನೋಡದೆಯೇ ಒಂದಿಡೀ ತಲೆಮಾರು ಹುಟ್ಟಿ, ಮುದುಕರಾಗಿ, ಹೋಗಿಯೂ ಬಿಟ್ಟಿತು. ಆ ಸೆಪ್ಟೆಂಬರಿನಲ್ಲಿ ನಾನೂ ಹೋಗಿದ್ದೆ. ಜಾತ್ರೆ ಹಾಗೆ ಜನ. ಗಾಡಿ ನಿಲ್ಲಿಸಲು ಜಾಗ ಇಲ್ಲ. ಎಲ್ಲರ ಕೈಯಲ್ಲೂ ಮೊಬೈಲು. ನನ್ನ ಪಕ್ಕದಲ್ಲಿ ತೆಂಗಿನ ತೋಟದ ಒಬ್ಬ ಅಜ್ಜ ನಿಂತಿದ್ದರು. ನೀರು ಬೀಳುವುದನ್ನು ತುಂಬಾ ಹೊತ್ತು ನೋಡಿದರು. ಆಮೇಲೆ, "ಕೋಡಿ ನೋಡಿದ್ದು ಇದೇ ಮೊದ್ಲು. ಆದ್ರೆ ನಮ್ಮಪ್ಪನ ಕಾಲದಿಂದ ಉಂಡಿದ್ದೆಲ್ಲ ಇದ್ರ ನೀರಲ್ಲೇ" ಅಂದರು.

ಆ ಮಾತು ನನ್ನನ್ನು ಬಿಡಲಿಲ್ಲ. ವಾಪಸ್ ಬರುವಾಗ ಚಿತ್ರದುರ್ಗ ದಾಟುವ ತನಕ ಅದನ್ನೇ ಯೋಚಿಸುತ್ತಿದ್ದೆ. ಆ 89 ವರ್ಷ ಕಟ್ಟೆ ಸುಮ್ಮನೆ ನಿಂತಿರಲಿಲ್ಲ. ತೂಬು ತೆಗೆಯುತ್ತಿದ್ದರು, ಕಾಲುವೆಯಲ್ಲಿ ನೀರು ಹರಿಯುತ್ತಿತ್ತು. ಬರದ ವರ್ಷ ನೀರು ತಳ ಹಿಡಿದು, ತೋಟದವರು ಕಣ್ಣೀರು ಹಾಕಿದ್ದೂ ಉಂಟು. ಅದನ್ನು ನಾನು ಮುಚ್ಚಿಡುವುದಿಲ್ಲ. ಆದರೆ ಕೋಡಿ ಬೀಳಲಿಲ್ಲ ಅಂತ ಯಾರೂ ಕಾಲುವೆ ಮುಚ್ಚಲಿಲ್ಲ. 2025ರ ಜನವರಿಯಲ್ಲಿ ಕಟ್ಟೆ ಮತ್ತೆ ತುಂಬಿತು. ಈ ಸಲ ಮೂರು ವರ್ಷವೂ ಆಗಿರಲಿಲ್ಲ. ನಮ್ಮ ಲೆಕ್ಕಕ್ಕೆ ಸಿಗುವ ವಿಷಯವಾ ಇದು? ನೀವು ಆರು ಮಕ್ಕಳಿಗೆ ಕಲಿಸುತ್ತಿರುವುದು ತೂಬಿನ ನೀರು. ಮೊಬೈಲಿನಲ್ಲಿ ಫೋಟೋ ಹಿಡಿಯಲು ಅಲ್ಲಿಗೆ ಯಾರೂ ಬರುವುದಿಲ್ಲ.

ಈಗ ಒಂದು ಕಷ್ಟದ ಮಾತು. ಬೇಜಾರು ಮಾಡಿಕೊಳ್ಳಬೇಡಿ.

ಬಳೆಯ ವಿಷಯಕ್ಕೆ ನೀವು ನಾಲ್ಕು ಪುಟದಲ್ಲಿ ಒಂದೇ ಸಾಲು ಕೊಟ್ಟಿದ್ದೀರಿ. ಅಡವಿಡುವ ಮುಂಚೆ ನಿಮ್ಮ ಹೆಂಡತಿಯವರನ್ನು ಕೇಳಿದಿರಾ? ಕೇಳಿದ್ದರೆ, ಬೇಡ ಅನ್ನಲು ಅವರಿಗೆ ಜಾಗ ಇತ್ತಾ? ದೇವರ ಕೆಲಸಕ್ಕೆ ಅಂದ ಮೇಲೆ ಯಾವ ಹೆಣ್ಣುಮಗಳು ಬೇಡ ಅಂದಾಳು? ಅವರು ಮಾತು ಕಡಿಮೆ ಮಾಡಿದ್ದು ನಿಮ್ಮ ಕರೆಯ ಮೇಲಿನ ಸಿಟ್ಟಿಗಲ್ಲ ಅಂತ ನನ್ನ ಊಹೆ. ಶೀಟು ಹಾರಿಹೋದ ಮೇಲೆ ನೀವು ಶೀಟಿಗಾಗಿ ಅತ್ತಿರಿ. ಅವರ ಬರಿಗೈ ನೋಡಿ ಅತ್ತಿರಾ?

ಅಬ್ರಹಾಮನಿಗೆ ದೇವರು ಮಾತು ಕೊಟ್ಟಾಗ 75 ವರ್ಷ. ಇಸಾಕ ಹುಟ್ಟಿದಾಗ 100. ಈ 25 ವರ್ಷದ ನಡುವೆ, ದೇವರು ತಡಮಾಡಿದರು ಅಂತ ಅವನೂ ಸಾರಳೂ ತಾವೇ ಒಂದು ದಾರಿ ಮಾಡಿಕೊಂಡರು. 86ರಲ್ಲಿ ಸಾರಳ ದಾಸಿ ಹಾಗರಳಿಂದ ಇಷ್ಮಾಯೇಲ ಹುಟ್ಟಿದ. ಆ ಅವಸರದ ಬೆಲೆ ಕೊಟ್ಟವರು ಯಾರು? ಅಬ್ರಹಾಮನಲ್ಲ. ಒಂದು ರೊಟ್ಟಿಯ ಗಂಟು, ಒಂದು ತಿತ್ತಿ ನೀರು ಹಿಡಿದು ಮಗನ ಜೊತೆ ಅಡವಿಗೆ ಹೋದ ಹಾಗರಳು. ಕಾಯಲಾರದೆ ನಾವು ಅವಸರಪಟ್ಟಾಗ ಅದರ ಬಿಲ್ಲು ಬಹಳ ಸಲ ಮನೆಯ ಹೆಂಗಸರ ಕೈಗೆ ಹೋಗುತ್ತದೆ. ಸೇವಕರ ಮನೆಗಳಲ್ಲಿ ಇದನ್ನು ಎಷ್ಟು ಸಲ ನೋಡಿದ್ದೇನೆ ಅಂದರೆ, ಈಗ ಯಾರಾದರೂ ಕರೆಯ ಬಗ್ಗೆ ಮಾತಾಡಲು ಬಂದರೆ ನಾನು ಮೊದಲು ಕೇಳುವುದು "ಮನೆಯವರು ಏನಂತಾರೆ?" ಅಂತ.

ಆದ್ದರಿಂದ ಮೊದಲು ಬಳೆ. ಶೆಡ್ ವಿಷಯ ಮರೆತುಬಿಡಿ. ಹೊಸ ಸಾಲ ಬೇಡ. ವಾರದ ಕಂತಿನ ಸಾಲವಂತೂ ಬೇಡವೇ ಬೇಡ. ಅಡವಿಟ್ಟ ಕಡೆ ಹೋಗಿ ಅಸಲೆಷ್ಟು, ಬಡ್ಡಿ ಎಷ್ಟು, ಕೊನೆಯ ದಿನ ಯಾವುದು ಅಂತ ಬರೆಸಿಕೊಂಡು ಬನ್ನಿ. ಬಡ್ಡಿ ನಿಂತರೆ ಒಂದು ದಿನ ಹರಾಜಿನ ನೋಟಿಸ್ ಬರುತ್ತದೆ. ಆ ಚೀಟಿಯನ್ನು ಹೆಂಡತಿಯ ಮುಂದಿಟ್ಟು, ನನ್ನದು ತಪ್ಪಾಯಿತು ಅನ್ನಿ. ಪ್ರಾರ್ಥನೆಯ ಭಾಷೆಯಲ್ಲಿ ಬೇಡ, ಮನೆಮಾತಿನಲ್ಲಿ ಹೇಳಿ.

ಪಾಠಕ್ಕೆ ಶೆಡ್ಡೇ ಬೇಕಾಗಿಲ್ಲ. ಸರ್ಕಾರಿ ಶಾಲೆಯ ಹೆಡ್‌ಮಾಸ್ತರನ್ನೋ ಎಸ್‌ಡಿಎಂಸಿಯವರನ್ನೋ ಕೇಳಿ, ಸಂಜೆ ಒಂದು ಜಗಲಿ ಸಿಗಬಹುದು. ಗ್ರಾಮ ಪಂಚಾಯಿತಿಯ ಗ್ರಂಥಾಲಯ ಇದೆ, ಈಗ ಅರಿವು ಕೇಂದ್ರ ಅನ್ನುತ್ತಾರೆ. ಅಲ್ಲಿ ಕೇಳಿ. ಆದರೆ ಒಂದು ನಿಯಮ ಇಟ್ಟುಕೊಳ್ಳಿ. ಅಂಥ ಜಾಗದಲ್ಲಿ ಕನ್ನಡ, ಲೆಕ್ಕ, ಇಂಗ್ಲಿಷ್ ಮಾತ್ರ. ಪ್ರಾರ್ಥನೆ ನಿಮ್ಮ ಮನೆಯಲ್ಲಿ. ಎಲ್ಲ ಮನೆಯ ಮಕ್ಕಳೂ ಬರುವ ಕಡೆ ಅವರ ತಂದೆತಾಯಿಯ ನಂಬಿಕೆ ಕೆಡಿಸಬಾರದು. ನೀವು ಯಾರು ಅಂತ ನಿಮ್ಮ ನಡತೆ ನೋಡಿ ಅವರಿಗೆ ಗೊತ್ತಾಗುತ್ತದೆ.

ಇನ್ನು ಕರೆ ನಿಜವಾಗಿತ್ತಾ ಅನ್ನುವ ಪ್ರಶ್ನೆ. ಹಳೆಯ ಕಾಲದಿಂದ ಸಭೆ ಎರಡು ಕರೆಯ ಬಗ್ಗೆ ಹೇಳುತ್ತಾ ಬಂದಿದೆ. ಒಳಗಿನ ಕರೆ ಒಂದು, ಹೊರಗಿನ ಕರೆ ಒಂದು. ಒಳಗಿನದು ನಿಮ್ಮ ಎದೆಯಲ್ಲಿ ಕೇಳಿದ್ದು. ಹೊರಗಿನದು, ಬೇರೆ ವಿಶ್ವಾಸಿಗಳು ನಿಮ್ಮನ್ನು ನೋಡಿ ಹೌದು ಅನ್ನುವುದು. ಒಳಗಿನದು ಮಾತ್ರ ಸಾಕು ಅನ್ನುವವರನ್ನು ಕಂಡರೆ ನನಗೆ ಭಯ. ಕೂಟದ ಬಿಸಿಯಲ್ಲಿ ಕೇಳಿದ ಎಲ್ಲ ದನಿಯೂ ದೇವರದಲ್ಲ. ತಪ್ಪು ತಿಳಿದುಕೊಂಡವರನ್ನು ನಾನು ನೋಡಿದ್ದೇನೆ. ಅವರು ಕೆಟ್ಟವರಲ್ಲ. ಅವರಿಗೆ ಬೇಕಾಗಿದ್ದದ್ದು ವೇದಿಕೆ, ಅದನ್ನು ಕರೆ ಅಂದುಕೊಂಡರು.

ಅದಕ್ಕೆ ನಾನು ಒಂದು ಪ್ರಶ್ನೆ ಇಟ್ಟುಕೊಂಡಿದ್ದೇನೆ. ನಾಳೆ ನಿಮ್ಮ ಹಳ್ಳಿಗೆ ಬೇರೆ ಯಾರೋ ಬಂದು, ಆ ಮಕ್ಕಳಿಗೆ ನಿಮಗಿಂತ ಚೆನ್ನಾಗಿ ಕಲಿಸಿದರೆ, ನಿಮಗೆ ಸಂತೋಷ ಆಗುತ್ತದಾ? ಮೊದಲು ಸ್ವಲ್ಪ ಚುರುಕ್ ಅನ್ನಬಹುದು. ಅದು ಸಹಜ. ಆಮೇಲೆ ಮಕ್ಕಳನ್ನು ನೆನೆದು ಒಳ್ಳೆಯದಾಯಿತು ಅನಿಸುತ್ತದಾ? ಅನಿಸಿದರೆ ನಿಮ್ಮ ಕರೆ ಮಕ್ಕಳಿಗಾಗಿ ಬಂದದ್ದು, ನಿಜವಾದದ್ದು. ಅನಿಸದಿದ್ದರೆ ಅದನ್ನು ದೇವರ ಮುಂದೆ ಬಿಚ್ಚಿಡಿ. ಈ ಪ್ರಶ್ನೆಗೆ ಉತ್ತರ ನನಗೆ ಬರೆಯಬೇಕಾಗಿಲ್ಲ.

ಹೊರಗಿನ ಕರೆಯ ವಿಷಯದಲ್ಲಿ ನಿಮ್ಮ ಹಿರಿಯರು ಸೋತಿದ್ದಾರೆ. "ನೋಡೋಣ" ಅನ್ನುವುದು ಹೌದೂ ಅಲ್ಲ, ಇಲ್ಲವೂ ಅಲ್ಲ. 12 ವರ್ಷ ಒಬ್ಬರನ್ನು ಹಾಗೆ ನಿಲ್ಲಿಸುವುದು ಸರಿಯಲ್ಲ. ನಾನೂ ಆ ಮಾತು ಆಡಿದವನು, ಹಾಗಾಗಿ ಗೊತ್ತು, ಬಹಳ ಸಲ ಅದರ ಹಿಂದೆ ಕೆಟ್ಟತನ ಇರುವುದಿಲ್ಲ, ಗಮನ ಇರುವುದಿಲ್ಲ. ನೀವೇ ಹೋಗಿ. ನೋಡೋಣ ಅನ್ನುವವರಿಗೆ ನೋಡಲು ಏನಾದರೂ ಬೇಕು. ಒಂದು ಸಂಜೆ ಪಾಠಕ್ಕೆ ಬನ್ನಿ, ಅರ್ಧ ಗಂಟೆ ಕೂರಿ ಅಂತ ಕರೆಯಿರಿ. ಆಮೇಲೆ ಈಸ್ಟರ್ ಒಳಗೆ ಹೌದು ಅಥವಾ ಇಲ್ಲ ಅಂತ ಹೇಳಿ, ಇಲ್ಲ ಅಂದರೆ ಕಾರಣ ಹೇಳಿ ಅಂತ ವಿನಯದಿಂದ ಕೇಳಿ. ಕೆಲಸದಲ್ಲಿದ್ದುಕೊಂಡೇ ಹೊರಗಿನಿಂದ ಓದುವ ಥಿಯಾಲಜಿ ಕೋರ್ಸುಗಳೂ ಇವೆ, ಬಂಗಾಳದ ಸೆರಾಂಪುರ ಕಾಲೇಜಿನದ್ದು ಸೇರಿ. ಅದಕ್ಕೆ ಶಿಫಾರಸು ಬರೆದುಕೊಡಿ ಅಂತ ಕೇಳುವುದು ನಿಮ್ಮ ಹಕ್ಕು.

ಕರೆಯ ರೂಪ ಬದಲಾಗಬಹುದು, ಅದಕ್ಕೂ ಮನಸ್ಸು ತೆರೆದಿಡಿ. ಕಿಟ್ಟೆಲ್ ಸಾಹೇಬರ ಹೆಸರು ಕೇಳದ ಕನ್ನಡಿಗ ಇಲ್ಲ. ಬಾಸೆಲ್ ಮಿಷನ್ನಿನಿಂದ ಅವರು ಬಂದದ್ದು 1853ರಲ್ಲಿ, 21ನೇ ವಯಸ್ಸಿಗೆ, ಸುವಾರ್ತೆ ಸಾರುವುದಕ್ಕೆ. ಧಾರವಾಡ, ಹುಬ್ಬಳ್ಳಿ, ಮಂಗಳೂರು, ಮಡಿಕೇರಿ ಅಂತ ಊರೂರು ಸುತ್ತಿದರು. ನಡುವೆ ಹೆಂಡತಿ ತೀರಿಕೊಂಡರು. ಸುಮಾರು 70 ಸಾವಿರ ಶಬ್ದಗಳ ನಿಘಂಟು ಅಚ್ಚಾದದ್ದು 1894ರಲ್ಲಿ. ಬಂದು 41 ವರ್ಷ ಆಗಿತ್ತು. ಹಡಗು ಹತ್ತಿದ ಆ ಹುಡುಗನಿಗೆ, ನಿನ್ನ ಹೆಸರು ಪ್ರಸಂಗದಿಂದಲ್ಲ, ಕನ್ನಡದ ಶಬ್ದಗಳಿಂದ ಉಳಿಯುತ್ತದೆ ಅಂತ ಯಾರಾದರೂ ಹೇಳಿದ್ದರೆ ನಂಬುತ್ತಿದ್ದನಾ?

ಗೆಳೆಯನ ದೊಡ್ಡ ಸಭೆಯ ಬಗ್ಗೆ ಹೆಚ್ಚು ಹೇಳುವುದಿಲ್ಲ. ಅವನಿಗೆ ಫೋನ್ ಮಾಡಿ ಮಾತಾಡಿ. ದೂರದಿಂದ ನೋಡಿದಾಗ ಎಲ್ಲರ ಹೊಲವೂ ಹಸಿರು.

ಎಣ್ಣೆ ಮಿಲ್ಲಿನ ಕೆಲಸವನ್ನು ನೀವು "ಹೊಟ್ಟೆಪಾಡು" ಅಂತ ಬರೆದು ಮುಂದೆ ಹೋಗಿದ್ದೀರಿ. ಅಲ್ಲಿ ಸ್ವಲ್ಪ ನಿಲ್ಲಿ. 12ನೇ ಶತಮಾನದಲ್ಲಿ ನಮ್ಮ ನೆಲದ ಶರಣರು ದುಡಿಮೆಗೆ ಕಾಯಕ ಅಂತ ಹೆಸರಿಟ್ಟು, ಅದನ್ನು ಪೂಜೆಗಿಂತ ಕಡಿಮೆ ಅಲ್ಲ ಅಂದರು. ಅಪೊಸ್ತಲ ಪೌಲ ಕೊರಿಂಥದಲ್ಲಿ ಅಕ್ವಿಲ, ಪ್ರಿಸ್ಕಿಲ್ಲರ ಮನೆಯಲ್ಲಿ ಗುಡಾರ ಹೊಲಿಯುತ್ತಿದ್ದ. ನೀವು ತೂಕ ಬರೆಯುವವರು. ಓದು ಬಾರದ ರೈತ ನಿಮ್ಮ ಚೀಟಿ ನಂಬಿ ಶೇಂಗಾ ಚೀಲ ಇಳಿಸುತ್ತಾನೆ. ಅವನಿಗೆ ಅಂಕಿ ಸರಿಯಾಗಿ ಓದಿ ಹೇಳುವುದು, ಒಂದು ಕೆಜಿಯೂ ಆಚೀಚೆ ಆಗದಂತೆ ನೋಡುವುದು ಸೇವೆಯೇ.

ತುಮಕೂರಿಗೆ ಹೋಗಬೇಕಾ? ನನ್ನನ್ನು ಕೇಳಿದರೆ, ಈಗಲೇ ಬೇಡ. ಎಸ್ಸೆಸ್ಸೆಲ್ಸಿ ಕಟ್ಟಿದ ಆ ಹುಡುಗಿಗೆ ಪರೀಕ್ಷೆ ಮುಗಿಯುವ ತನಕ ನೀವು ಬೇಕು. ಶಾಲೆ ಬಿಟ್ಟವಳು ಮತ್ತೆ ಪುಸ್ತಕ ಹಿಡಿಯುವುದು ಎಷ್ಟು ಕಷ್ಟ ಅಂತ ನಿಮಗೇ ಗೊತ್ತು. ನಡುವೆ ಕೈಬಿಟ್ಟರೆ ಮೂರನೇ ಸಲ ಹಿಡಿಯುವುದಿಲ್ಲ. ಮಾಲೀಕರಲ್ಲಿ ಏಪ್ರಿಲ್ ತನಕ ಟೈಮ್ ಕೇಳಿ. ಚಳ್ಳಕೆರೆಯಲ್ಲೇ ಸಂಬಳ ಸ್ವಲ್ಪ ಏರಿಸಲು ಆಗುತ್ತದಾ ಅಂತಲೂ ಕೇಳಿ. ನಿಮ್ಮ ಮೇಲೆ ನಂಬಿಕೆ ಇಲ್ಲದಿದ್ದರೆ ಅವರು ಗೋದಾಮಿಗೆ ಕಳಿಸುತ್ತಿರಲಿಲ್ಲ.

ಏಪ್ರಿಲ್ ಬಂದಾಗ ಗಂಡ ಹೆಂಡತಿ ಇಬ್ಬರೂ ಕೂತು ತೀರ್ಮಾನ ಮಾಡಿ. ಅಪ್ಪನ ಔಷಧಿ, ಬಳೆಯ ಸಾಲ, ಎಲ್ಲ ಕೂಡಿಸಿ ನೋಡಿ. ಹೋಗಲೇಬೇಕು ಅನಿಸಿದರೆ ಹೋಗಿ. ಅದು ಬೆನ್ನು ತಿರುಗಿಸಿದ ಹಾಗಲ್ಲ. ನಿನೆವೆಗೆ ಹೋಗು ಅಂತ ದೇವರು ಹೇಳಿದಾಗ ಪ್ರವಾದಿ ಯೋನ ಓಡಿಹೋದದ್ದು, ಅಲ್ಲಿಯ ಜನ ಉಳಿಯುವುದು ಅವನಿಗೆ ಬೇಡವಾಗಿತ್ತು ಅಂತ. ನೀವು ಹೋಗುವುದು ಸಾಲ ತೀರಿಸಲು. ಎರಡಕ್ಕೂ ಅಜಗಜಾಂತರ. ಆದರೆ ಹೋಗುವ ಮುಂಚೆ ಉಳಿದ ಐದು ಮಕ್ಕಳನ್ನು ಒಬ್ಬರ ಕೈಗೆ ಒಪ್ಪಿಸಿ. ನಿಮ್ಮಲ್ಲಿ ಹಿಂದೆ ಕಲಿತು ಈಗ ಪಿಯುಸಿ ಓದುವ ಹುಡುಗರಿಲ್ಲವಾ? ವಾರಕ್ಕೆ ಎರಡು ಸಂಜೆಯಾದರೂ ನಡೆಯಲಿ. ತುಮಕೂರಿನ ಗೋದಾಮಿನ ಸುತ್ತ ಶಾಲೆ ಬಿಟ್ಟ ಮಕ್ಕಳು ಇರುವುದಿಲ್ಲ ಅಂತ ನಿಮಗೆ ಹೇಳಿದವರು ಯಾರು?

ನಿದ್ದೆಯ ವಿಷಯ ಹಗುರವಾಗಿ ತೆಗೆದುಕೊಳ್ಳಬೇಡಿ. ಪ್ರವಾದಿ ಎಲೀಯ ಅಡವಿಯಲ್ಲಿ ಗಿಡದ ಕೆಳಗೆ ಬಿದ್ದು, ಸಾಕು, ಪ್ರಾಣ ತೆಗೆದುಕೋ ಅಂದಾಗ ದೇವರು ಉಪದೇಶ ಮಾಡಲಿಲ್ಲ. ಮಲಗಲು ಬಿಟ್ಟರು, ಎಬ್ಬಿಸಿ ರೊಟ್ಟಿ, ನೀರು ಕೊಟ್ಟರು. ಮತ್ತೆ ಮಲಗಲು ಬಿಟ್ಟರು, ಮತ್ತೆ ಊಟ ಕೊಟ್ಟರು. ಮಾತು ಆಮೇಲೆ. ಎರಡು ವಾರ ದಾಟಿಯೂ ನಿದ್ದೆ ಬಾರದಿದ್ದರೆ, ಊಟ ಸೇರದಿದ್ದರೆ, ಬದುಕೇ ಬೇಡ ಅನಿಸಿದರೆ, ಚಿತ್ರದುರ್ಗದ ಜಿಲ್ಲಾಸ್ಪತ್ರೆಗೆ ಹೋಗಿ ಮನೋವೈದ್ಯರನ್ನು ಕಾಣಿ. 14416ಕ್ಕೆ ಫೋನ್ ಮಾಡಿದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನವರು ಕನ್ನಡದಲ್ಲೇ ಮಾತಾಡುತ್ತಾರೆ. ದುಡ್ಡಿಲ್ಲ, ಹಗಲು ರಾತ್ರಿ ಯಾವಾಗ ಬೇಕಾದರೂ ಮಾಡಬಹುದು. ಡಾಕ್ಟರ ಹತ್ತಿರ ಹೋಗುವುದು ನಂಬಿಕೆ ಕಡಿಮೆಯಾದ ಗುರುತಲ್ಲ. ನಾನೂ ಹೋಗಿದ್ದೇನೆ.

ಮೂರನೇ ಸಲ ಓದಿದಾಗ ಕಂಡದ್ದನ್ನು ಈಗ ಹೇಳುತ್ತೇನೆ. ನಿಮ್ಮ ಕಾಗದದಲ್ಲಿ ಗೆಳೆಯನ ಹೆಸರು ಐದು ಸಲ ಬಂದಿದೆ. ಹಿರಿಯರ ಹೆಸರುಗಳಿವೆ. ಮಾಲೀಕರ ಹೆಸರಿದೆ. ಆರು ಮಕ್ಕಳಲ್ಲಿ ಒಬ್ಬರ ಹೆಸರೂ ಇಲ್ಲ. ನಿಮ್ಮ ಹೆಂಡತಿಯ ಹೆಸರೂ ಇಲ್ಲ. ನೋವಿನಲ್ಲಿ ಬರೆದ ಕಾಗದ, ಅದಕ್ಕೇ ಹಾಗಾಗಿದೆ. ತಪ್ಪು ಹಿಡಿಯುತ್ತಿಲ್ಲ.

ಮುಂದಿನ ತಿಂಗಳು ಒಂದು ಭಾನುವಾರ ಮಧ್ಯಾಹ್ನ ಇಬ್ಬರೂ ದಾವಣಗೆರೆಗೆ ಬನ್ನಿ. ಊಟ ನಮ್ಮ ಮನೆಯಲ್ಲೇ. ನನ್ನ ಹೆಂಡತಿ ನಿಮ್ಮವರ ಜೊತೆ ಮಾತಾಡಬೇಕು ಅನ್ನುತ್ತಿದ್ದಾಳೆ. ಒಂಬತ್ತು ವರ್ಷ ಕಾಯುವವನ ಜೊತೆ ಬಾಳುವುದು ಹೇಗೆ ಅಂತ ಅವಳಿಗೆ ನನಗಿಂತ ಚೆನ್ನಾಗಿ ಗೊತ್ತು. ಬರುವಾಗ ಒಂದು ಹಾಳೆಯಲ್ಲಿ ಆರೂ ಮಕ್ಕಳ ಹೆಸರು ಬರೆದುಕೊಂಡು ಬನ್ನಿ. ಪರೀಕ್ಷೆ ಬರೆಯುವ ಹುಡುಗಿಯ ಹೆಸರು ಎಲ್ಲಕ್ಕಿಂತ ಮೇಲೆ ಇರಲಿ. ನಮ್ಮ ಮನೆಯ ಬೆಳಗಿನ ಪ್ರಾರ್ಥನೆಗೆ ಆ ಹಾಳೆ ಬೇಕು.